ಬಿಡುವು ಎಂಬ ಮಾತಿನ ಸುತ್ತ

ಚಿತ್ರದುರ್ಗದ ಕಾಲೇಜಿನಲ್ಲಿ ಅನುವಾದದ ಪಾಠ ನಡೆಸುತ್ತಿದ್ದ ಒಂದು ಮಧ್ಯಾಹ್ನ, ಹೊಸದುರ್ಗದ ಕಡೆಯ ಹುಡುಗನೊಬ್ಬ ಇಂಗ್ಲಿಷಿನ ವಾಕ್ಯವೊಂದನ್ನು ಹೀಗೆ ಕನ್ನಡಿಸಿದ: ‘ಎರಡು ಎತ್ತುಗಳು ಮನೆಗೆ ಬಂದವು; ವಿಶ್ರಾಂತಿ ಹೊಲದಲ್ಲೇ ಉಳಿಯಿತು.’ ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮಿಕ್ಕದ್ದು ಎಂಬರ್ಥದ ‘ರೆಸ್ಟ್’ ಬೇರೆ, ದಣಿವಾರಿಸಿಕೊಳ್ಳುವ ‘ರೆಸ್ಟ್’ ಬೇರೆ ಎಂದು ತಿದ್ದಿ ಪಾಠ ಮುಂದುವರಿಸಿದೆನಾದರೂ ಆ ಮಾತು ನನ್ನನ್ನು ಬಿಡಲಿಲ್ಲ. ಸಂಜೆ ಕೋಶಗಳನ್ನು ತೆಗೆದು ಕುಳಿತೆ.

ಮಿಕ್ಕದ್ದು ಎಂಬ ‘ರೆಸ್ಟ್’ ಲ್ಯಾಟಿನ್ ಮೂಲದ್ದು. ಹಿಂದೆ ನಿಲ್ಲು ಎಂಬ ಧಾತುವಿನಿಂದ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದದ್ದು. ಪೊಲೀಸರ ‘ಅರೆಸ್ಟ್’ ಇದರ ದಾಯಾದಿ. ದಣಿವಿನ ‘ರೆಸ್ಟ್’ ಜರ್ಮನಿಕ್ ಕುಲದ್ದು. ಅದರ ಅತಿ ಹಳೆಯ ನೆಂಟನಾದ ಗಾಥಿಕ್ ಭಾಷೆಯ ‘ರಾಸ್ತಾ’ ಎಂಬ ಮಾತಿಗೆ ಅರ್ಥ ಮಲಗುವುದೂ ಅಲ್ಲ, ಕೂಡುವುದೂ ಅಲ್ಲ, ಮೈಲಿ! ಒಮ್ಮೆ ಕುಳಿತು ಎದ್ದಲ್ಲಿಂದ ಮತ್ತೊಮ್ಮೆ ಕೂಡುವವರೆಗೆ ಎಷ್ಟು ನೆಲವೋ ಅಷ್ಟು ದೂರವೆಂದು ಅವರ ಲೆಕ್ಕವಿದ್ದಿರಬೇಕು. ನಡೆದದ್ದನ್ನು ನಿಂತದ್ದರಿಂದ ಅಳೆಯುವ ಈ ಪರಿ ನಮಗೆ ಹೊಸದೇನೂ ಅಲ್ಲ. ನಮ್ಮ ‘ಮಜಲು’ ಇದೇ ಜಾತಿಯ ಮಾತು. ಅರಬ್ಬಿಯ ‘ಮಂಜಿಲ್’, ಎಂದರೆ ವಾಹನದಿಂದ ಇಳಿಯುವ ತಾಣ, ನಮ್ಮಲ್ಲಿ ಮಜಲಾಗಿ, ಒಂದು ದಿನದ ಪಯಣದ ಅಳತೆಯಾಯಿತು. ಈಗ ನಾವು ‘ಸಾಹಿತ್ಯದ ಮೂರನೆಯ ಮಜಲು’ ಎಂದು ಬರೆಯುವಾಗ ಅಲ್ಲಿ ಯಾರೂ ಕುದುರೆಯಿಂದ ಇಳಿಯುವುದಿಲ್ಲ.

ಈ ಲೆಕ್ಕಕ್ಕೆ ನಮ್ಮ ಜಿಲ್ಲೆಯಲ್ಲೇ ಬಹಳ ಪುರಾತನವಾದ ಸಾಕ್ಷಿಯೊಂದುಂಟು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದ ಅಶೋಕನ ಶಾಸನವನ್ನು ಎಲ್ಲರೂ ಬಲ್ಲರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಮೊದಲು ಆರೋಗ್ಯವನ್ನು ಹಾರೈಸಿ, ಬರೆಸಿದ ಒಕ್ಕಣೆ ಅದು. ಅದರಲ್ಲಿ 256 ಎಂಬ ಅಂಕಿಯಿದೆ. ಬುದ್ಧನ ನಿರ್ವಾಣದಿಂದೀಚೆಗೆ ಕಳೆದ ವರ್ಷಗಳಿವು ಎಂದು ಹಿಂದಿನ ಪಂಡಿತರು ಬಗೆದಿದ್ದರು. ಆದರೆ ಬಿಹಾರದ ಸಹಸ್ರಾಮಿನ ಪಾಠದಲ್ಲಿ ರಾತ್ರಿಯೆಂಬ ಮಾತೇ ಇದೆ. ಚಕ್ರವರ್ತಿ ಮನೆಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳು ಇವು ಎಂಬುದು ಆಮೇಲೆ ಬಲವಾದ ಅರ್ಥ. ಎಷ್ಟು ಯೋಜನ ನಡೆದನೆಂಬುದಿಲ್ಲ, ಎಷ್ಟು ಕಡೆ ತಂಗಿದನೆಂಬುದಿದೆ.

ಅದೇ ಅಶೋಕ ದಿಲ್ಲಿಯಲ್ಲಿ ಈಗಿರುವ ಕಂಬದ ಏಳನೆಯ ಶಾಸನದಲ್ಲಿ ದಾರಿಗೆ ಆಲದ ಮರ ನೆಡಿಸಿದ್ದನ್ನೂ, ಬಾವಿ ತೋಡಿಸಿದ್ದನ್ನೂ, ಅರವಟ್ಟಿಗೆಗಳನ್ನು ಇಡಿಸಿದ್ದನ್ನೂ ಹೇಳುತ್ತಾನೆ. ಅಲ್ಲಿ ಬರುವ ‘ನಿಂಸಿಢಿಯಾ’ ಎಂಬುದಕ್ಕೆ ತಂಗುಮನೆ ಎಂದು ಬಹುಮಂದಿಯ ಅರ್ಥ. ನೀರಿಗಿಳಿಯುವ ಮೆಟ್ಟಿಲು ಎನ್ನುವವರೂ ಉಂಟು. ಮೂಲದಲ್ಲಿ ಅದು ಕೂಡುವ ಜಾಗ. ಕನ್ನಡ ಶಾಸನ ಓದಿದವರ ಕಿವಿ ಇಲ್ಲಿ ನೆಟ್ಟಗಾಗಬೇಕು. ಸಲ್ಲೇಖನದಿಂದ ದೇಹಬಿಟ್ಟ ಜೈನರ ನೆನಪಿಗೆ ನಿಲ್ಲಿಸುವ ‘ನಿಸಿದಿ’ಗಲ್ಲು ಇದೇ ಬಳಗದ ಮಾತು. ದಾರಿಗನ ಆಸನ ಒಂದು ಕಡೆ, ಮರಳಿ ಏಳದವನ ಆಸನ ಇನ್ನೊಂದು ಕಡೆ. ನಮ್ಮ ‘ಗದ್ದುಗೆ’ಯೂ ಹಾಗೆಯೇ ಅಲ್ಲವೇ? ಅರಸು ಏರುವುದೂ ಗದ್ದುಗೆ, ಗುರು ಐಕ್ಯನಾದ ಸ್ಥಳವೂ ಗದ್ದುಗೆ.

ದಾರಿಯ ಮಾತುಗಳು ಬೇಗ ಸವೆಯುತ್ತವೆ. ಛತ್ರದಲ್ಲಿ ಈಗ ತಂಗುವವರು ಮದುವೆಯ ನೆಂಟರು ಮಾತ್ರ. ಹಿರಿಯೂರಿನ ಟಿ.ಬಿ. ಸರ್ಕಲಿನಲ್ಲಿ ಬಸ್ಸು ಬದಲಿಸುವವರಲ್ಲಿ ಆ ಎರಡು ಅಕ್ಷರಗಳು ಪ್ರವಾಸಿಗಳ ಬಂಗಲೆಯವೆಂದು ನೆನೆಯುವವರು ಎಷ್ಟು ಮಂದಿ? ಹೊಸಬನೊಬ್ಬ ಅದನ್ನು ಕ್ಷಯದ ಆಸ್ಪತ್ರೆಯೆಂದುಕೊಂಡದ್ದನ್ನು ನಾನೇ ಕೇಳಿದ್ದೇನೆ.

ಹೊಲದ ಮಾತು ಅಷ್ಟು ಸುಲಭವಾಗಿ ಸವೆಯುವುದಿಲ್ಲ. ‘ವಿಶ್ರಾಂತಿ’ ಸಂಸ್ಕೃತದಿಂದ ಬಂದ ಅತಿಥಿ. ಮನೆಯ ಮಾತು ‘ಬಿಡುವು’. ಬಿಡು ಎಂದರೆ ನೊಗದಿಂದ ಬಿಡು. ‘ಗಾಡಿ ಬಿಟ್ಟರು’ ಎಂದರೆ ಎತ್ತುಗಳ ಕೊರಳು ಸಡಿಲಿಸಿದರು. ಬಿಡಾರ, ಬಿಡದಿ, ಬೀಡು ಎಲ್ಲವೂ ಈ ಒಂದೇ ಬೇರಿನವು. ದಂಡು ಬಿಟ್ಟಲ್ಲಿ ಬೀಡು. ಬೀಡು ನೆಲೆನಿಂತರೆ ‘ನೆಲೆವೀಡು’, ಎಂದರೆ ರಾಜಧಾನಿ. ತಮಿಳಿನಲ್ಲಿ ಇದೇ ಮಾತು ‘ವೀಡು’ ಆಗಿ ಮನೆಯನ್ನೂ ಹೇಳುತ್ತದೆ, ಮೋಕ್ಷವನ್ನೂ ಹೇಳುತ್ತದೆ. ಮನುಷ್ಯನಿಗಿಂತ ಮೊದಲು ಎತ್ತಿಗೆ ಸಂದ ಪದವಿದು ಎಂದು ನನ್ನ ಊಹೆ. ಅಮೃತಮಹಲ್ ಕಾವಲುಗಳ ಈ ಸೀಮೆಯಲ್ಲಿ ಹಾಗೆ ಊಹಿಸುವುದು ತಪ್ಪಾಗಲಾರದು. ಮೈಸೂರರಸರ ದಂಡಿನ ಎತ್ತುಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಬೇರೆಬೇರೆ ಹುಲ್ಲುಗಾವಲುಗಳನ್ನೇ ಕಾದಿಟ್ಟಿದ್ದರು. ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಮುಟ್ಟಿತೆಂದು ರೈಸರ ಗೆಜೆಟಿಯರು ಈ ತಳಿಯನ್ನು ಕೊಂಡಾಡುತ್ತದೆ. ಆ ಓಟದ ಹಿಂದೆ ಕಾವಲಿನ ಎಷ್ಟು ದಿನಗಳ ಬಿಡುವಿತ್ತೋ!

ರೈತನೂ ತನ್ನ ಎತ್ತಿಗೆ ಸೋಮವಾರವನ್ನು ಬಿಟ್ಟುಕೊಟ್ಟಿದ್ದ. ಬಸವನ ವಾರ, ಹೆಗಲಿಗೆ ನೊಗವಿಡಬಾರದು. ಯಾವ ಸರ್ಕಾರವೂ ಆಜ್ಞೆಮಾಡದೆ ನಡೆದುಬಂದ ಕಟ್ಟಳೆ ಇದು. ಆದರೆ ಆ ಸೋಮವಾರವೂ ರೈತನ ಹೆಂಡತಿ ರಾಗಿ ಬೀಸುತ್ತಿದ್ದಳು, ನೀರು ಹೊರುತ್ತಿದ್ದಳು. ಅವಳ ಕೊರಳನ್ನು ಬಿಡುವ ವಾರ ಪಂಚಾಂಗದಲ್ಲಿರಲಿಲ್ಲ. ಪೇಟೆಯ ನೌಕರನಿಗೆ ಸಿಕ್ಕದ್ದು ‘ರಜೆ’. ಅದೂ ಅರಬ್ಬಿಯಿಂದ ಬಂದ ಮಾತು. ಅದರ ಮೂಲಾರ್ಥ ಒಪ್ಪಿಗೆ, ಅಪ್ಪಣೆ. ಧಣಿ ಒಪ್ಪಿದರೆ ರಜೆ, ಒಪ್ಪದಿದ್ದರೆ ಇಲ್ಲ. ಅಂಗಡಿ, ಹೋಟೆಲು, ನಾಟಕಶಾಲೆಗಳ ನೌಕರರಿಗಾಗಿ 1942ರಲ್ಲಿ ವಾರದ ರಜೆಯ ಕಾಯಿದೆ ಬಂದಿತು. ಆ ಕಾಯಿದೆಯಲ್ಲಿ ಹೊಲದ ಕೂಲಿಯ ಮಾತಿಲ್ಲ. ಇತ್ತ ಟ್ರಾಕ್ಟರು ಬಂದ ಊರುಗಳಲ್ಲಿ ಎತ್ತಿನ ಸೋಮವಾರವೂ ಹೋಯಿತು. ಯಂತ್ರಕ್ಕೆ ಬಸವನ ವಾರವೆಲ್ಲಿಯದು?

ಈಗ ಎಲ್ಲರ ಬಾಯಲ್ಲೂ ‘ರೆಸ್ಟ್’. ಡಾಕ್ಟರು ಬರೆದುಕೊಡುವುದೂ ಅದನ್ನೇ, ಬಸ್ಸಿನ ಡ್ರೈವರು ಕೇಳುವುದೂ ಅದನ್ನೇ. ಮಾತಿನ ಮೇಲೆ ನನಗೆ ಮುನಿಸಿಲ್ಲ. ಮಜಲೂ ರಜೆಯೂ ಹೊರಗಿನಿಂದಲೇ ಬಂದವು. ಆದರೆ ‘ಬಿಡುವು’ ಎಂದಾಗ ಯಾರು ಬಿಡಬೇಕು, ಯಾವುದರಿಂದ ಬಿಡಬೇಕು ಎಂಬ ಪ್ರಶ್ನೆ ಜೊತೆಗೇ ಏಳುತ್ತಿತ್ತು. ‘ರೆಸ್ಟ್ ತಗೊಳ್ಳಿ’ ಎನ್ನುವಾಗ ಅದು ಅಂಗಡಿಯಲ್ಲಿ ಸಿಕ್ಕುವ ಸಾಮಾನಿನಂತೆ ಕೇಳುತ್ತದೆ.

ಕಳೆದ ಬೇಸಿಗೆಯಲ್ಲಿ ಹೊಳಲ್ಕೆರೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ತಲೆಯ ಮೇಲೆ ಸೌದೆಯ ಹೊರೆ ಹೊತ್ತ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದು ನಿಂತಳು. ಪಕ್ಕದಲ್ಲಿದ್ದ ಯುವಕ, ‘ಇಳಿಸಜ್ಜಿ, ಒಂದೀಟು ರೆಸ್ಟ್ ತಗೊ’ ಎಂದ. ‘ಇಳಿಸಿದ್ರೆ ಮತ್ತೆ ಎತ್ತೋರು ಯಾರಪ್ಪಾ?’ ಎಂದಳು ಅವಳು. ದಕ್ಷಿಣದ ಹಳೆಯ ದಾರಿಗಳಲ್ಲಿ ಎರಡು ನಿಲುಗಲ್ಲುಗಳ ಮೇಲೆ ಅಡ್ಡಗಲ್ಲನ್ನು ಆಳೆತ್ತರಕ್ಕೆ ಇಟ್ಟಿರುತ್ತಿದ್ದರು. ಒಂಟಿಯಾಗಿ ಬಂದವರು ಬಾಗದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿದ ಮೇಲೆ ಹಾಗೆಯೇ ತಲೆಗೆ ತೆಗೆದುಕೊಂಡು ಹೋಗಬಹುದಿತ್ತು. ಅಂಥ ಕಲ್ಲು ಅಲ್ಲಿರಲಿಲ್ಲ. ಅವಳು ಅಲ್ಲಿದ್ದ ಗೋಡೆಗೆ ಹೊರೆಯ ಒಂದು ತುದಿಯನ್ನು ಆನಿಸಿ, ನಿಂತೇ ಸ್ವಲ್ಪ ಹೊತ್ತು ಬೆವರು ಆರಿಸಿಕೊಂಡು ನಡೆದಳು.