ಗೆದ್ದ ಊರು, ಸೋತವರ ಮನೆ



2019ರ ಏಪ್ರಿಲ್ ತಿಂಗಳು. ಪರೀಕ್ಷೆಯ ಗಡಿಬಿಡಿಯ ನಡುವೆ ಎಂಟನೇ ತರಗತಿಯ ಹುಡುಗನೊಬ್ಬ ಬಂದು ಕೇಳಿದ: "ಸಾರ್, ನೀವು ಯಾರ ಕಡೆ? ಚೆನ್ನೈ ಸಿಟಿನಾ, ಬೆಂಗಳೂರಾ?"

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಚೆನ್ನೈ ಸಿಟಿ ಹೆಸರಿಗಷ್ಟೇ ಚೆನ್ನೈನದು, ತವರಿನ ಪಂದ್ಯಗಳನ್ನು ಆಡುತ್ತಿದ್ದುದು ನಮ್ಮ ಕೊಯಮತ್ತೂರಿನ ನೆಹರೂ ಸ್ಟೇಡಿಯಂನಲ್ಲಿ. ಹಿಂದಿನ ವರ್ಷ ಐ-ಲೀಗ್ ಪಟ್ಟಿಯ ಕೆಳಭಾಗದಲ್ಲಿ ಒದ್ದಾಡಿದ್ದ ಈ ತಂಡವನ್ನು ಸಿಂಗಪುರದ ಕೋಚ್ ಅಕ್ಬರ್ ನವಾಸ್ ತಿದ್ದಿ ತೀಡಿ, 2019ರ ಮಾರ್ಚ್ 9ರಂದು ಇದೇ ಮೈದಾನದಲ್ಲಿ ಚಾಂಪಿಯನ್ ಮಾಡಿಬಿಟ್ಟರು. ಆ ದಿನ ಎದುರಾಳಿ ಮಿನರ್ವಾ ಪಂಜಾಬ್ ಮೊದಲು ಗೋಲು ಹೊಡೆದರೂ ಕೊನೆಗೆ 3-1ರಲ್ಲಿ ಗೆಲುವು ನಮ್ಮದು. ಒಟ್ಟು 43 ಅಂಕ. ಕೋಲ್ಕತ್ತದ ಹಳೇ ಹುಲಿ ಈಸ್ಟ್ ಬೆಂಗಾಲ್‌ಗೆ 42. ಒಂದೇ ಒಂದು ಅಂಕದ ಅಂತರ!

ಅತ್ತ ಬೆಂಗಳೂರು ಎಫ್‌ಸಿ ಅದೇ ಮಾರ್ಚ್ 17ರಂದು ಐಎಸ್‌ಎಲ್ ಗೆದ್ದಿತ್ತು. ಸುನಿಲ್ ಛೇತ್ರಿಯ ತಂಡ, ದೇಶದಲ್ಲೇ ಬಲಶಾಲಿ ಎಂದು ಹೆಸರು. ಇಬ್ಬರೂ ಸೂಪರ್ ಕಪ್‌ನ ಕ್ವಾರ್ಟರ್ ಫೈನಲಿನಲ್ಲಿ ಭುವನೇಶ್ವರದಲ್ಲಿ ಎದುರಾದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮಾತಾಡುವ ನಮ್ಮ ಮಕ್ಕಳು ಏನು ಮಾಡಬೇಕು ಹೇಳಿ? ನಾನು ಮೇಷ್ಟ್ರ ಬುದ್ಧಿ ತೋರಿಸಿ "ಚೆನ್ನಾಗಿ ಆಡಿದವರ ಕಡೆ" ಎಂದು ಜಾರಿಕೊಂಡೆ. ಚೆನ್ನೈ ಸಿಟಿ 2-1ರಲ್ಲಿ ಗೆದ್ದಿತು. ಮಾರನೇ ದಿನ ತರಗತಿಯಲ್ಲಿ ಅರ್ಧ ಮುಖಗಳು ಅರಳಿದ್ದವು, ಅರ್ಧ ಬಾಡಿದ್ದವು. ಒಬ್ಬನಂತೂ ಎರಡೂ ಆಗಿದ್ದ.

ಆ ಹುಡುಗನ ಮುಖ ನೋಡಿದಾಗ ನನಗೆ ನೆನಪಾದದ್ದು ಫುಟ್‌ಬಾಲ್ ಅಲ್ಲ, ನಮ್ಮ ತಂದೆಯವರು ಮಗ್ಗದ ಮುಂದೆ ಕೂತು ನೂರು ಸಲ ಹೇಳಿದ್ದ 1974ರ ಒಂದು ಕ್ರಿಕೆಟ್ ಪಂದ್ಯ. ಸೋಲು ಗೆಲುವಿನ ಚರಿತ್ರೆ ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ.

ರಣಜಿ ಟ್ರೋಫಿಯನ್ನು ಬಾಂಬೆ ತಂಡ 1958-59ರಿಂದ 1972-73ರ ತನಕ ಸತತ 15 ವರ್ಷ ಗೆದ್ದಿತ್ತು. ಅಂದರೆ ಆ ಅವಧಿಯಲ್ಲಿ ಹುಟ್ಟಿದ ಮಗು ಹೈಸ್ಕೂಲು ಸೇರುವವರೆಗೂ ಬಾಂಬೆ ಬಿಟ್ಟು ಬೇರೆ ಚಾಂಪಿಯನ್ನನ್ನೇ ಕಂಡಿರಲಿಲ್ಲ! ನಮ್ಮ ರಾಜ್ಯಕ್ಕೆ... ಕ್ಷಮಿಸಿ, ಗಡಿಯಾಚೆ ಇದ್ದರೂ ಬಾಯಿಗೆ ಹಾಗೇ ಬರುತ್ತದೆ... ಮೈಸೂರಿಗೆ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ಹೊಸ ಹೆಸರಿನ ಮೊದಲ ವರ್ಷವೇ, 1974ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ಸೆಮಿಫೈನಲ್. ಈ ಕಡೆ ನಾಯಕ ಎರಪಳ್ಳಿ ಪ್ರಸನ್ನ, ಆ ಕಡೆ ಅಜಿತ್ ವಾಡೇಕರ್.

ಕರ್ನಾಟಕ 385 ರನ್ ಮಾಡಿತು. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆ ಪರವಾಗಿ ಸುನಿಲ್ ಗಾವಸ್ಕರ್ ನೆಲೆ ನಿಲ್ಲುತ್ತಿದ್ದಾಗ ಪ್ರಸನ್ನ ಅವರ ಒಂದು ಚೆಂಡು ಅವರನ್ನು ಬೌಲ್ಡ್ ಮಾಡಿತು. ಆ ಒಂದು ಚೆಂಡಿನ ಬಗ್ಗೆ ಹಳಬರು ಇವತ್ತಿಗೂ ಮಾತಾಡುತ್ತಾರೆ. ಆದರೆ ವಾಡೇಕರ್ ಇನ್ನೂ ಇದ್ದರು. ಚೆನ್ನಾಗಿಯೇ ಆಡುತ್ತಿದ್ದರು. ರನ್ನಿಗೆ ಓಡುವಾಗ ಕಾಲು ಜಾರಿತು, ರನೌಟ್. ಬಾಂಬೆ 307ಕ್ಕೆ ಮುಗಿಯಿತು. 78 ರನ್ನುಗಳ ಮೊದಲ ಇನಿಂಗ್ಸ್ ಮುನ್ನಡೆಯಲ್ಲಿ ಕರ್ನಾಟಕ ಫೈನಲಿಗೆ ಹೋಯಿತು, ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಕಪ್ ತಂದಿತು.

ನಮ್ಮ ತಂದೆಯವರ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಗೆದ್ದವರ ಕತೆ ಯಾವಾಗಲೂ ಇಲ್ಲಿಗೇ ಮುಗಿಯುವುದು. ಕಾಲು ಜಾರಿದವನ ಕತೆಯನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ.

ವಾಡೇಕರ್ ಸಾಮಾನ್ಯರಲ್ಲ. 1971ರಲ್ಲಿ ವೆಸ್ಟ್ ಇಂಡೀಸಿನಲ್ಲೂ ಇಂಗ್ಲೆಂಡಿನಲ್ಲೂ ಭಾರತ ಮೊಟ್ಟಮೊದಲ ಸಲ ಟೆಸ್ಟ್ ಸರಣಿ ಗೆದ್ದದ್ದು ಅವರ ನಾಯಕತ್ವದಲ್ಲಿ. ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತದ್ದೂ ಆಗಲೇ. ಇಂದೋರಿನಲ್ಲಿ ಆ ಗೆಲುವಿನ ನೆನಪಿಗೆ ಕಾಂಕ್ರೀಟಿನ ದೊಡ್ಡ ಬ್ಯಾಟನ್ನೇ ನಿಲ್ಲಿಸಿದರು. ಆದರೆ ಬೆಂಗಳೂರಿನಲ್ಲಿ ಸೋತ ಕೆಲವೇ ತಿಂಗಳಿಗೆ, 1974ರ ಬೇಸಿಗೆಯಲ್ಲಿ, ಅವರ ತಂಡ ಇಂಗ್ಲೆಂಡಿನಲ್ಲಿ 3-0ರಿಂದ ಸೋತಿತು. ಲಾರ್ಡ್ಸ್‌ನಲ್ಲಿ ಇಡೀ ತಂಡ 42ಕ್ಕೆ ಆಲೌಟ್! ಜನ ಇಂದೋರಿನ ಬ್ಯಾಟಿಗೆ ಮಸಿ ಬಳಿದರು. ಮುಂಬೈಯಲ್ಲಿ ವಾಡೇಕರ್ ಮನೆಗೆ ಕಲ್ಲು ತೂರಿದರು. ಪಶ್ಚಿಮ ವಲಯದ ತಂಡದಲ್ಲೂ ಜಾಗ ಸಿಗಲಿಲ್ಲ. ಅವರು ಆಟವನ್ನೇ ಬಿಟ್ಟರು. ಮೂರು ವರ್ಷದ ಹಿಂದೆ ಹಾರ ಹಾಕಿದ ಊರೇ ಅದು.

ಬಾಂಬೆಗೇನೂ ಆಗಲಿಲ್ಲ, ನೋಡಿ. ಮರುವರ್ಷವೇ ಫೈನಲಿನಲ್ಲಿ ನಮ್ಮನ್ನೇ ಸೋಲಿಸಿ ಕಪ್ ವಾಪಸ್ ಪಡೆಯಿತು. ತಂಡಕ್ಕೆ ಮರುವರ್ಷ ಅಂತ ಒಂದಿರುತ್ತದೆ, ಮನುಷ್ಯನಿಗೆ ಎಲ್ಲ ಸಲವೂ ಇರುವುದಿಲ್ಲ.

ಆದರೂ ವಾಡೇಕರ್ ವಾಪಸ್ ಬಂದರು. 1990ರ ದಶಕದಲ್ಲಿ ಭಾರತ ತಂಡದ ಮ್ಯಾನೇಜರ್ ಆದರು. ಇವತ್ತು ನಾವು ಕೋಚ್ ಎನ್ನುವ ಕೆಲಸವೇ ಅದು. 1993ರಲ್ಲಿ ಇಂಗ್ಲೆಂಡನ್ನು ಭಾರತದಲ್ಲಿ ಅದೇ 3-0ರಿಂದ ಸೋಲಿಸಿದಾಗ ಅವರಿಗೆ ಒಳಗೊಳಗೇ ಏನನ್ನಿಸಿತ್ತೋ! ಆಮೇಲೆ 1996ರ ವಿಶ್ವಕಪ್. ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪಾಕಿಸ್ತಾನವನ್ನು ಸೋಲಿಸಿದ್ದು, ವೆಂಕಟೇಶ್ ಪ್ರಸಾದ್ ಆಮೀರ್ ಸೊಹೈಲನ ಸ್ಟಂಪ್ ಹಾರಿಸಿದ್ದು ಯಾರಿಗೆ ಮರೆಯುತ್ತದೆ? ನಾಲ್ಕೇ ದಿನಕ್ಕೆ ಕೋಲ್ಕತ್ತದ ಈಡನ್ ಗಾರ್ಡನ್ಸ್. ಶ್ರೀಲಂಕಾ 251 ಮಾಡಿತು. ಸಚಿನ್ ಔಟಾದ ಮೇಲೆ ನಮ್ಮವರು ಒಬ್ಬರ ಹಿಂದೆ ಒಬ್ಬರು ಬಂದು ಹೋದರು. 8 ವಿಕೆಟಿಗೆ 120 ಆಗಿದ್ದಾಗ ಬಾಟಲಿಗಳು ಮೈದಾನಕ್ಕೆ ಬಿದ್ದವು, ಗ್ಯಾಲರಿಯಲ್ಲಿ ಬೆಂಕಿ. ರೆಫರಿ ಕ್ಲೈವ್ ಲಾಯ್ಡ್ ಪಂದ್ಯ ನಿಲ್ಲಿಸಿ ಶ್ರೀಲಂಕಾಕ್ಕೆ ಕೊಟ್ಟರು. ವಿನೋದ್ ಕಾಂಬ್ಳಿ ಅಳುತ್ತಾ ಹೊರಗೆ ನಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಆ ರಾತ್ರಿ ನಮ್ಮ ಬೀದಿಯಲ್ಲಿ ಕನ್ನಡದವರು, ತಮಿಳರು ಎಂಬ ಭೇದವಿಲ್ಲದೆ ಎಲ್ಲರೂ ಟಾಸ್ ಗೆದ್ದು ಫೀಲ್ಡಿಂಗ್ ಆರಿಸಿದವರನ್ನು ಬೈದರು. ನಾನೂ ಬೈದೆ. ಆ ಸಲದ ಇಂಗ್ಲೆಂಡ್ ಪ್ರವಾಸಕ್ಕೆ ವಾಡೇಕರ್ ಬದಲು ಸಂದೀಪ್ ಪಾಟೀಲ್ ಕೋಚ್ ಆಗಿ ಹೋದರು. 2018ರ ಆಗಸ್ಟ್ 15ರಂದು ವಾಡೇಕರ್ ತೀರಿಕೊಂಡಾಗ ಪತ್ರಿಕೆಗಳೆಲ್ಲ 1971ನ್ನೇ ಬರೆದವು. ಒಳ್ಳೆಯದೇ ಆಯಿತು.

2007ರ ಮಾರ್ಚ್ 17 ಇನ್ನೂ ವಿಚಿತ್ರ ದಿನ. ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ಬಾಂಗ್ಲಾದೇಶಕ್ಕೆ ಸೋತಿತು, ಅದೇ ದಿನ ಪಾಕಿಸ್ತಾನ ಐರ್ಲೆಂಡಿಗೆ ಸೋತಿತು. ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ದಾಳಿಯಾಯಿತು. ಮರುದಿನ ಪಾಕಿಸ್ತಾನದ ಕೋಚ್ ಬಾಬ್ ವೂಲ್ಮರ್ ಹೋಟೆಲ್ ಕೋಣೆಯಲ್ಲಿ ಪ್ರಾಣಬಿಟ್ಟರು. ಕೊಲೆ ಎಂದು ಪೊಲೀಸರು ಮೊದಲು ಹೇಳಿದರು, ಜೂನ್‌ನಲ್ಲಿ ಸಹಜ ಸಾವು ಎಂದರು. ಒಂದು ಆಟದ ಸೋಲಿಗೆ ಕೊಲೆ ನಡೆದಿರಬಹುದು ಎಂದು ಇಡೀ ಜಗತ್ತು ಮೂರು ತಿಂಗಳು ನಂಬಿತ್ತಲ್ಲ, ಅದು ನನಗೆ ಸಾವಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ನಮ್ಮ ಕೋಚ್ ಗ್ರೆಗ್ ಚಾಪೆಲ್ ಏಪ್ರಿಲ್‌ನಲ್ಲಿ ಹೊರನಡೆದರು, ದ್ರಾವಿಡ್ ಸೆಪ್ಟೆಂಬರ್‌ನಲ್ಲಿ ನಾಯಕತ್ವ ಬಿಟ್ಟರು. ದ್ರಾವಿಡ್‌ಗೆ ಮಾತ್ರ ಮರುವರ್ಷ ಸಿಕ್ಕಿತು, 17 ವರ್ಷ ತಡವಾಗಿ. 2024ರ ಜೂನ್ 29ರಂದು ಅದೇ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ, ಕೋಚ್ ಆಗಿ ತಮ್ಮ ಕೊನೆಯ ಪಂದ್ಯದಲ್ಲಿ, ಟಿ20 ವಿಶ್ವಕಪ್ ಎತ್ತಿ ಕೂಗಿದರು. ಅಷ್ಟು ಜೋರಾಗಿ ಕೂಗುವ ದ್ರಾವಿಡ್‌ರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಇಷ್ಟೆಲ್ಲ ಬರೆಯುವ ನಾನು ದೊಡ್ಡ ಸಾಚಾ ಏನಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಫುಟ್‌ಬಾಲ್ ತಂಡವನ್ನು ನಾನೇ ನೋಡಿಕೊಳ್ಳುತ್ತಿದ್ದೆ. ವಲಯ ಮಟ್ಟದಲ್ಲಿ ನಮಗಿಂತ ಚಿಕ್ಕ ಶಾಲೆಯೊಂದರ ಎದುರು ಪಂದ್ಯ. ಗೆದ್ದೇ ಗೆಲ್ಲುತ್ತೇವೆಂದು ಮುಂದಿನ ಪಂದ್ಯದ ವ್ಯಾನಿಗೂ ಹೇಳಿಟ್ಟಿದ್ದೆ! ಕೊನೆಯ ನಿಮಿಷಗಳಲ್ಲಿ ನಮ್ಮ ಹುಡುಗನ ಕಾಲಿಗೆ ತಾಗಿ ಸೇಮ್ ಸೈಡ್ ಗೋಲಾಯಿತು. ಎಲ್ಲರ ಮುಂದೆ ಅವನಿಗೆ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಎರಡು ದಿನ ಅವನು ಶಾಲೆಗೆ ಬರಲಿಲ್ಲ. ಮೂರನೇ ದಿನ ಅವರ ತಾಯಿ ಬಂದು, "ಹೊಟ್ಟೆನೋವಿತ್ತು ಸಾರ್" ಎಂದು ಹೇಳಿ ಬಿಟ್ಟುಹೋದರು. ನಾನೂ ಹೊಟ್ಟೆನೋವನ್ನೇ ನಂಬಿದವನಂತೆ ಹಾಜರಿ ಹಾಕಿದೆ.

ಕಳೆದ ದೀಪಾವಳಿಗೆ ಮುಂಚೆ ತಿರುಪ್ಪೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಬನಿಯನ್ ಕಂಪನಿಯಲ್ಲಿ ಕೆಲಸ, ಬೋನಸ್ ಬಂದಿದೆ ಎಂದ. ಬಲವಂತ ಮಾಡಿ ಟೀ ಕುಡಿಸಿದ. ನಾನು ಆ ದಿನದ ಪಂದ್ಯದ ಮಾತು ತೆಗೆದೆ.

"ಯಾವ ಮ್ಯಾಚ್ ಸಾರ್?" ಎಂದ.

ಮರೆತವನ ಮುಖ ಅದಾಗಿರಲಿಲ್ಲ.