ಡಿಕನ್ಸನ ಹೊಲದಲ್ಲಿ ಕ್ರಿಕೆಟ್

ನಮ್ಮ ಸಿಂದಗಿ ಕಡೆ ಜಾತ್ರೆಯ ಕುಸ್ತಿ ನೋಡಲಿಕ್ಕೋ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಲಿಕ್ಕೋ ಹೊರಟರೆ ಮನೆಯ ಹಿರಿಯರದು ಒಂದೇ ಮಾತು: 'ಮಂದಿ ಬಾಳ ಕೂಡಿರತದ, ದೂರ ನಿಂತು ನೋಡು.' ಚಾರ್ಲ್ಸ್ ಡಿಕನ್ಸನ ಪತ್ರವೊಂದನ್ನು ಓದುವಾಗ ಆ ಮಾತು ನೆನಪಾಯಿತು.

ಕೆಂಟ್ ಸೀಮೆಯ ಗ್ಯಾಡ್ಸ್ ಹಿಲ್ ಮನೆಯನ್ನು ಅವನು ಕೊಂಡದ್ದು 1856ರಲ್ಲಿ. ಮನೆಯ ಹಿಂದಿನ ಹೊಲವನ್ನು ಹೈಯಮ್ ಊರಿನ ಹುಡುಗರ ಕ್ರಿಕೆಟ್ಟಿಗೆ ಬಿಟ್ಟುಕೊಟ್ಟಿದ್ದ. ಎಷ್ಟೋ ಸಲ ತಾನೇ ಕೂತು ರನ್ನು ಬರೆಯುತ್ತಿದ್ದನಂತೆ. 1866ರ ಕ್ರಿಸ್ಮಸ್ ಮರುದಿನ ಅದೇ ಹೊಲದಲ್ಲಿ ಓಟದ ಪಂದ್ಯ ಇಟ್ಟ. ಎರಡು ಮೂರು ಸಾವಿರ ಮಂದಿ ಬಂದರು; ಕೂಲಿಗಳು, ಸಿಪಾಯಿಗಳು, ಹಡಗಿನವರು. ಪಕ್ಕದ ಹೆಂಡದಂಗಡಿಯವನಿಗೆ ಹೊಲದಲ್ಲೇ ಅಂಗಡಿ ಹಾಕಲು ಬಿಟ್ಟಿದ್ದ, ಬಹುಮಾನವೂ ನಗದು. ಇಷ್ಟು ಧೈರ್ಯ ನಮ್ಮ ಯಾವ ಜಾತ್ರಾ ಕಮಿಟಿಗೂ ಇರಲಿಕ್ಕಿಲ್ಲ! ಸಂಜೆತನಕ ಒಂದು ಜಗಳವಿಲ್ಲ, ಕುಡಿದು ಬಿದ್ದವನಿಲ್ಲ, ಒಂದು ಗೂಟ ಕದಲಲಿಲ್ಲ ಎಂದು ಗೆಳೆಯನಿಗೆ ಹಿಗ್ಗಿನಿಂದ ಬರೆದ. ಒಬ್ಬನಂತೂ ಬಾಯಲ್ಲಿ ಹೊಗೆಯ ಪೈಪು ಕಚ್ಚಿಕೊಂಡೇ ಹತ್ತು ಅಡ್ಡಗಟ್ಟೆ ಹಾರಿ ಎರಡನೆಯವನಾದ. ಪೈಪು ಇಲ್ಲದಿದ್ದರೆ ನೀನೇ ಮೊದಲು ಬರುತ್ತಿದ್ದೆ ಅಂದರೆ, ಪೈಪು ಇಲ್ಲದಿದ್ದರೆ ನಾನು ಎಲ್ಲೂ ಇರುತ್ತಿರಲಿಲ್ಲ ಸ್ವಾಮಿ ಅಂದನಂತೆ.

ಈ ನಂಬಿಕೆಗೆ ಗಡಿಯಿತ್ತು. 1857ರ ದಂಗೆಯ ಕಾಲಕ್ಕೆ ನಮ್ಮ ಜನಾಂಗವನ್ನೇ ನಿರ್ನಾಮ ಮಾಡಬೇಕು ಎಂಬರ್ಥದಲ್ಲಿ ಪತ್ರ ಬರೆದವನೂ ಇವನೇ. ಇದನ್ನು ಮುಚ್ಚಿಟ್ಟು ಅವನ ಹೊಲವನ್ನು ಹೊಗಳಲು ನನಗಾಗದು.

ಇನ್ನೊಬ್ಬ ಬರಹಗಾರನ ಹಳ್ಳಿಮನೆಯ ಕತೆ ನಮ್ಮ ಸೀಮೆಗೇ ಬಂದು ಮುಟ್ಟುತ್ತದೆ. 1850ರಲ್ಲಿ ಡಿಕನ್ಸನ ತಂಡ ಕಾದಂಬರಿಕಾರ ಬುಲ್ವರ್ ಲಿಟ್ಟನ್‌ನ ನೆಬ್‌ವರ್ತ್ ಮನೆಯಲ್ಲಿ ನಾಟಕ ಆಡಿತು. ಬಡ ಬರಹಗಾರರಿಗೆ ಆಸರೆಯಾಗಲೆಂದು ಸಂಘ ಕಟ್ಟುವ ಯೋಚನೆ ಮೊಳೆತದ್ದು ಅಲ್ಲಿಯೇ. ಆ ಮನೆಯ ಮಗ, ತಾನೂ ಕವಿಯಾದ ರಾಬರ್ಟ್ ಲಿಟ್ಟನ್ 1876ರಲ್ಲಿ ಇಂಡಿಯಾದ ವೈಸ್‌ರಾಯ್ ಆಗಿ ಬಂದ. ಅದೇ ವರ್ಷ ಮಳೆ ಕೈಕೊಟ್ಟಿತು. ಧಾತು ಸಂವತ್ಸರದ ಬರ. 1877ರ ಜನವರಿ 1ರಂದು ದಿಲ್ಲಿಯಲ್ಲಿ ಅವನ ಭಾರಿ ದರ್ಬಾರು ನಡೆಯುವಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಹೊಲಗಳು ಒಣಗಿದ್ದವು. ಆಗ ಇವೆಲ್ಲ ಕಲಾದಗಿ ಜಿಲ್ಲೆಗೆ ಸೇರಿದ್ದವು.

ಬರಪೀಡಿತರಿಗೆ ಸರ್ಕಾರ ಕೊಟ್ಟದ್ದು ಕಲ್ಲು ಒಡೆಯುವ, ಮಣ್ಣು ಹೊರುವ ಕೆಲಸ. ಹೊಟ್ಟೆ ತುಂಬ ಕೊಟ್ಟರೆ ಮಂದಿ ಮೈಗಳ್ಳರಾಗುತ್ತಾರೆಂಬ ಅನುಮಾನ ಬೇರೆ. ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಒಂದಿಷ್ಟು ಕಾಸಿಗೆ ಇಳಿಸಿದ. ಒಂದು ಪೌಂಡೆಂದರೆ ಅರ್ಧ ಕಿಲೋಕ್ಕೂ ಕಡಿಮೆ. ಮುಂಬಯಿ ಪ್ರಾಂತದ ಕೂಲಿಗಳು ಕೆಲಸ ಬಿಟ್ಟು ಎದ್ದು ನಡೆದರು. ಆಮೇಲೆ ಲಂಡನ್ನಿನಲ್ಲಿ ಮೇಯರನ ಬರ ನಿಧಿಗೆ ಚಂದಾ ಎತ್ತಿದರು, ನಿಜ. 1872ರ ಖಾನೆಸುಮಾರಿಗೂ 1881ರದಕ್ಕೂ ನಡುವೆ ಕಲಾದಗಿ ಜಿಲ್ಲೆಯಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಕಡಿಮೆಯಾಗಿದ್ದರು.