ಪಾದಕ್ಕೂ ಚಕ್ರಕ್ಕೂ ನಡುವೆ

ಬ್ರೇಕಿನ ಪೈಪಿಗೆ ಸೇರಿಕೊಂಡ ಏರ್ ತೆಗೆಯುವುದು ಬಹುಕಾಲ ಇಬ್ಬರ ಕೆಲಸವಾಗಿತ್ತು. ಒಬ್ಬ ಪೆಡಲ್ ತುಳಿದು ಹಿಡಿಯುತ್ತಿದ್ದ. ಇನ್ನೊಬ್ಬ ಚಕ್ರದ ಬಳಿ ಕೂತು ನಿಪ್ಪಲ್ ಸಡಿಲಿಸಿ, ಗುಳ್ಳೆಗಳ ಸಮೇತ ಆಯಿಲ್ ಚಿಮ್ಮಿದ ಮೇಲೆ ಬಿಗಿ ಮಾಡುತ್ತಿದ್ದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ತಂದಿತು, 1924ರಲ್ಲಿ ಕ್ರೈಸ್ಲರ್ ಅದನ್ನು ಮಧ್ಯಮವರ್ಗದ ಕೈಗೆಟುಕಿಸಿತು. ಫೋರ್ಡ್ ಮಾತ್ರ 1939ರ ಮಾದರಿಯವರೆಗೂ ಕಾದಿತು. ಅಂದಿನಿಂದ ಮೆಕ್ಯಾನಿಕನಿಗೆ ತನ್ನ ಪಾದವೇ ಮೀಟರು. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲ್ ಮೆತ್ತಗಾದರೆ ಎಲ್ಲೋ ಏರ್ ಇದೆ ಎಂದು ಕಾಲೇ ಹೇಳುತ್ತಿತ್ತು.

ಈ ಕಸುಬನ್ನು ಹೈಬ್ರಿಡ್ ಕಾರು ಕಿತ್ತುಕೊಂಡಿತು ಎಂಬ ಮಾತು ಚಾಲ್ತಿಯಲ್ಲಿದೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. 1999ರ ಹೋಂಡಾ ಇನ್‌ಸೈಟ್ ಹೈಬ್ರಿಡ್ಡೇ. ಆದರೂ ಅದರ ಬ್ರೇಕು ಮಾಮೂಲಿ ವ್ಯಾಕ್ಯೂಮ್ ಬೂಸ್ಟರಿನದು, ಏರ್ ತೆಗೆಯುವ ಕ್ರಮವೂ ಹಳೆಯದೇ. 2001ರ ಮರ್ಸಿಡಿಸ್ ಎಸ್‌ಎಲ್ ಹೈಬ್ರಿಡ್ ಅಲ್ಲ; ಆದರೆ ಅದರಲ್ಲಿ ಪೆಡಲಿನ ಸಂದೇಶ ತಂತಿಯಲ್ಲಿ ಕಂಪ್ಯೂಟರಿಗೆ ಹೋಗುತ್ತಿತ್ತು, ಪ್ಯಾಡ್ ಬದಲಿಸುವ ಮೊದಲು ವ್ಯವಸ್ಥೆಯನ್ನು ಸ್ಕ್ಯಾನರಿನಿಂದ ಮಲಗಿಸಬೇಕಿತ್ತು. ಕಸುಬು ಬದಲಾದದ್ದು ಬ್ಯಾಟರಿ ಬಂದದ್ದಕ್ಕಲ್ಲ, ಪಾದಕ್ಕೂ ಚಕ್ರಕ್ಕೂ ಇದ್ದ ನೇರ ನಂಟು ಕಡಿದದ್ದಕ್ಕೆ. 2003ರಲ್ಲಿ ಬಂದ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಇವೆರಡೂ ಒಂದಾದವು. ಅದರ ಡ್ರೈವರ್ ಬಾಗಿಲು ತೆರೆದರೆ ಸಾಕು, ಬ್ರೇಕ್ ಪಂಪು ಗುಂಯ್‌ಗುಟ್ಟಿ ಅಕ್ಯುಮ್ಯುಲೇಟರಿಗೆ ಒತ್ತಡ ತುಂಬುತ್ತದೆ. ಕ್ಯಾಲಿಪರ್ ಬಿಚ್ಚಿ ಕೂತವನಿಗೆ ಆ ಸದ್ದು ಎಚ್ಚರಿಕೆ. ಕಾಲಿಗೆ ಸಿಗುವ ಬಿಗಿಯೂ ಚಕ್ರದಿಂದ ಬಂದದ್ದಲ್ಲ, ಸ್ಟ್ರೋಕ್ ಸಿಮ್ಯುಲೇಟರ್ ಎಂಬ ಬಿಡಿಭಾಗದ ಸ್ಪ್ರಿಂಗ್ ಕೊಟ್ಟದ್ದು. ಹಿಂಚಕ್ರದ ಲೈನಿನಲ್ಲಿ ಏರ್ ಉಳಿದರೂ ಪೆಡಲ್ ಗಟ್ಟಿಯಾಗಿಯೇ ಇರಬಹುದು. ಪಾದದ ಸಾಕ್ಷಿ ಬಿದ್ದುಹೋದ ಮೇಲೆ ಕಂಪನಿಯ ಸ್ಕ್ಯಾನರು, ಅದು ಹೇಳುವ ಕ್ರಮ, ಇವೆರಡೇ ಆಧಾರ.

ಹೈಬ್ರಿಡ್‌ನಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಪ್ಯಾಡು ಸವೆಯುವುದೇ ಕಡಿಮೆ, ರಿಪೇರಿಯ ಮಾತೇಕೆ ಎನ್ನುವವರಿದ್ದಾರೆ. ಪ್ಯಾಡಿನ ಮಟ್ಟಿಗೆ ಅದು ನಿಜ. ಆದರೆ ಬ್ರೇಕ್ ಆಯಿಲ್ ಕಾರು ನಿಂತಿದ್ದರೂ ತೇವ ಹೀರುತ್ತದೆ. ಡಾಟ್ 3 ಮಾನಕದಲ್ಲಿ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ, ತೇವ ಸೇರಿದ್ದಕ್ಕೆ 140. ಕಡಿಮೆ ಬಳಕೆಯಾದ ಕ್ಯಾಲಿಪರ್ ಪಿನ್ನುಗಳಂತೂ ತುಕ್ಕು ಹಿಡಿದು ಜಾಮ್ ಆಗುತ್ತವೆ. ಅಕ್ಯುಮ್ಯುಲೇಟರಿನ ನೈಟ್ರೋಜನ್ ಸೋರುವ ದೋಷಕ್ಕಾಗಿ 2013ರಲ್ಲಿ ಟೊಯೋಟಾ ಸುಮಾರು 2,42,000 ಹೈಬ್ರಿಡ್‌ಗಳನ್ನು ವಾಪಸ್ ಕರೆಸಿಕೊಂಡದ್ದೂ ಇದೆ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ಅಷ್ಟು ಒತ್ತಡದ ವ್ಯವಸ್ಥೆಗೆ ಎಲ್ಲರೂ ಕೈಹಾಕಿದರೆ ಜೀವಕ್ಕೇ ಅಪಾಯ, ಅದು ಅಧಿಕೃತ ಸರ್ವಿಸ್ ಸೆಂಟರಿಗೇ ಇರಲಿ. ಅಪಾಯ ಖಂಡಿತ ಇದೆ. ಆದರೆ ಹಳೆಯ ಕಾರು ಹೇಗೂ ಕಡಿಮೆ ಖರ್ಚಿನ ಗ್ಯಾರೇಜಿಗೇ ಬರುತ್ತದೆ, ಕ್ರಮವನ್ನು ಮುಚ್ಚಿಟ್ಟರೆ ಅಲ್ಲಿ ಪೆಡಲ್ ತುಳಿದು ನೋಡುವ ಹಳೆಯ ಅಭ್ಯಾಸವೇ ನಡೆಯುತ್ತದೆ. ಸುರಕ್ಷತೆಯ ಕಾರಣಕ್ಕೇ ಆ ಜ್ಞಾನ ಹೊರಗೆ ಬರಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಇದನ್ನೇ ಕೇಳಿದರು: ಡೀಲರಿಗೆ ಕೊಡುವ ದುರಸ್ತಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ನ್ಯಾಯವಾದ ಬೆಲೆಗೆ ಕೊಡಬೇಕು. 2014ರಲ್ಲಿ ಕಾರು ತಯಾರಕರ ಸಂಘಗಳು ಇಡೀ ದೇಶಕ್ಕೆ ಅನ್ವಯಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ಬಿಡದಿಯಲ್ಲಿ 2013ರಲ್ಲಿ ಜೋಡಣೆಯಾದ ಕ್ಯಾಮ್ರಿ ಹೈಬ್ರಿಡ್‌ಗಳಿಗೆ ಈಗ ಹತ್ತು ವರ್ಷ ದಾಟಿದೆ. ವಾರಂಟಿ ಮುಗಿದ ಆ ಕಾರುಗಳ ಬ್ರೇಕಿನ ಏರ್ ತೆಗೆಯುವ ಕ್ರಮ ಬೀದಿಬದಿಯ ಮೆಕ್ಯಾನಿಕನಿಗೂ ಕನ್ನಡದಲ್ಲಿ ಸಿಗುವಂತಾಗಬೇಕು, ಸ್ಕ್ಯಾನರೂ ಅವನ ಕೈಗೆಟುಕುವ ಬೆಲೆಗೆ ಬರಬೇಕು.